ಮೀನು ಸತ್ತುದೇಕೆ? (ತಿಲಾಪಿಯಾ ಮರಿಗಳ ರೋಗಪ್ರಯೋಗದ ವಿಚಾರ)

ಕಾರಣವಿಲ್ಲದೆ ಕಾರ್ಯವಿಲ್ಲವೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಇಂಥ ಕಾರ್ಯಕ್ಕೆ ಇಂಥದೇ ಕಾರಣವೆಂದು ಸಿದ್ಧಮಾಡಿ ತೋರಿಸುವ ಪ್ರಸಂಗ ಬಂದಾಗ ನಮ್ಮಲ್ಲಿ ಹೆಚ್ಚಿನವರು ಊಹೆಯ ಮೊರೆಹೊಗುತ್ತೇವೆ. ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಮೀನಿನ ರೋಗದಂಥ ವಿಷಯವನ್ನು ಆರಿಸಿಕೊಂಡುದನ್ನು ಕಂಡು ಸಹಪಾಠಿಗಳಿಗೆ ನಗು ಬಂದೀತು. "ನಿನಗ್ಯಾಕಪಾ ಮೀನಿನ ಉಸಾಬರಿ?" ಎಂದು ಒಬ್ಬ ಗೆಳೆಯ ಕೇಳಿಯೂ ಕೇಳಿದ. ಅವನಿಗೆ ನಾನು ಹೇಳಿದ್ದಿಷ್ಟೆ: ಈ ವಿಷಯ ಹೆಸರಿಗೆ ಮಾತ್ರ ಪ್ರಾಣಿಶಾಸ್ತ್ರದ್ದು, ಒಳಗಿನ ತಿರುಳು ತರ್ಕಶಾಸ್ತ್ರದ್ದು. ಮೇಲಾಗಿ ಅದು ನಮ್ಮ ಸೀಮೆಯ ರೈತನ ಹೊಲಕ್ಕೂ ನೆರೆಹೊರೆಯ ನಂಟಿಗೂ ಸೇರಿದ್ದು. ಹೇಗೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನೀರು, ಹೊರಗಿನ ಮೀನು

ಇಂಡಿ, ಸಿಂದಗಿ ಸೀಮೆಗಳ ಉತ್ತರದ ಅಂಚಿಗೆ ಭೀಮೆ ಹರಿಯುತ್ತಾಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗಳ ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಷ್ಟು ಹೊಳೆಗಳಿದ್ದೂ ಬರಗಾಲದ ಹೆಸರು ಹೊತ್ತ ನಾಡು ನಮ್ಮದು. ಹಿಂದೆ ಬಾಗೇವಾಡಿ ತಾಲೂಕಿಗೆ ಸೇರಿದ್ದ ಆಲಮಟ್ಟಿಯಲ್ಲಿ ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ಇಂದು ಸಮುದ್ರದಂತೆ ನೀರು ನಿಲ್ಲಿಸಿದೆ. ಕೆಳಗೆ ನಾರಾಯಣಪುರದ ಬಸವಸಾಗರವಿದೆ. ೨೦೧೪ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಎಷ್ಟೋ ಹೊಲಗಳಲ್ಲಿ ಕೃಷಿಹೊಂಡಗಳು ಆದವು. ನಿಂಬೆಯ ತೋಟಕ್ಕೋ ತೊಗರಿಗೋ ನೀರು ಕೂಡಿಸಿದ ರೈತ, ಅದೇ ನೀರಿನಲ್ಲಿ ನಾಲ್ಕು ಮೀನು ಏಕೆ ಬೆಳೆಯಬಾರದೆಂದು ಯೋಚಿಸುವುದು ಸಹಜವೇ ಆಗಿದೆ.

ಹೀಗೆ ಬೆಳೆಯಬಹುದಾದ ಮೀನುಗಳಲ್ಲಿ ತಿಲಾಪಿಯಾ ಒಂದು. ಕೆಲವೆಡೆ ಇದನ್ನು ಜಿಲೇಬಿ ಮೀನು ಎನ್ನುತ್ತಾರೆ. ಇದರ ತವರು ಆಫ್ರಿಕಾ ಖಂಡ. ಮೊಸಾಂಬಿಕ್ ತಿಲಾಪಿಯಾ ಭಾರತಕ್ಕೆ ಬಂದುದು ೧೯೫೨ರಲ್ಲಿ. ತಾಯಿಮೀನು ತತ್ತಿಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುವುದರಿಂದ ಮರಿಗಳು ಬಹಳವಾಗಿ ಉಳಿಯುತ್ತವೆ. ಕೆರೆ ತುಂಬ ಸಣ್ಣ ಮೀನುಗಳೇ ತುಂಬಿ, ನಮ್ಮ ನಾಡಿನ ಮೀನುಗಳಿಗೆ ಮೇವಿಲ್ಲದಂತಾಗುವುದೆಂಬ ಆತಂಕದಿಂದ ೧೯೫೯ರಲ್ಲಿ ಇದರ ಪ್ರಸಾರಕ್ಕೆ ತಡೆ ಹಾಕಿದರು. ಆ ಆತಂಕ ಸುಳ್ಳಲ್ಲ. ಭೀಮೆಯ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ, ತಿಲಾಪಿಯಾ ಇಂದು ಬೇರೂರಿ ನಿಂತಿದೆ. ಆದರೆ ೧೯೮೮ರಿಂದ ಫಿಲಿಪ್ಪೀನ್ಸ್ ದೇಶದಲ್ಲಿ ನೈಲ್ ತಿಲಾಪಿಯಾದ ಆಯ್ದ ತಳಿಯನ್ನು ಬೆಳೆಸಿದ ಮೇಲೆ ಚಿತ್ರ ಬದಲಾಯಿತು. ಗಿಫ್ಟ್ ಎಂಬ ಹೆಸರಿನ ಆ ತಳಿ ನಮ್ಮ ದೇಶಕ್ಕೂ ಬಂದಿದೆ. ವಿಜಯವಾಡದ ಹತ್ತಿರ ರಾಜೀವ ಗಾಂಧಿ ಜಲಕೃಷಿ ಕೇಂದ್ರದವರು ಅದರ ಮರಿಗಳನ್ನು ಸಿದ್ಧಪಡಿಸುತ್ತಾರೆ. ಅಳತೆ ಮೀರಿ ಮರಿ ಹಾಕದಂತೆ ಗಂಡುಮೀನುಗಳನ್ನೇ ಸಾಕುವ ಪದ್ಧತಿಯೂ ಬಂದಿದೆ. ಆದರೂ ಸರಕಾರದ ಅನುಮತಿಯಿಲ್ಲದೆ ಇದನ್ನು ಸಾಕಲಾಗದು, ಹೊಳೆಗಂತೂ ಬಿಡಲೇಬಾರದು.

"ಎಣ್ಣಿ ಹಾಕ್ಯಾರ್ರಿ!"

ಬೇಸಗೆಯಲ್ಲೊಂದು ಬೆಳಗು ಹೊಂಡದ ತುಂಬ ಮೀನು ಬೆಳ್ಳಗೆ ತೇಲುತ್ತವೆ ಎನ್ನೋಣ. ದಂಡೆಯ ಮೇಲೆ ಕೂಡಿದ ಜನರ ಬಾಯಲ್ಲಿ ಮೊದಲು ಬರುವ ಮಾತು ಯಾವುದು? "ಯಾರೋ ಹೊಟ್ಟಿಕಿಚ್ಚಿನವರು ಎಣ್ಣಿ ಹಾಕ್ಯಾರ್ರಿ!" ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆಯೆಂದೇ ಹೆಸರು. ಬದುವಿನ ಜಗಳವೋ ದಾರಿಯ ಜಗಳವೋ ಮೊದಲೇ ಇದ್ದರೆ, ಎಣ್ಣೆ ಹಾಕಿದವನು ಯಾರೆಂಬುದೂ ಆ ಕ್ಷಣವೇ ನಿರ್ಧಾರವಾಗಿಬಿಡುತ್ತದೆ. ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಠಾಣೆಯ ಮೆಟ್ಟಿಲು ಹತ್ತುತ್ತಾರೆ. ಇನ್ನೊಬ್ಬ ರೈತ ಅಷ್ಟು ದೂರ ಹೋಗದೆ, ಔಷಧಿ ಅಂಗಡಿಯಿಂದ ಸಿಕ್ಕ ಮಾತ್ರೆಪುಡಿ ತಂದು ನೀರಿಗೆ ಸುರಿಯುತ್ತಾನೆ. ಎರಡೂ ಕಡೆ ನಡೆದದ್ದು ಒಂದೇ: ಕಾರಣ ತಿಳಿಯುವ ಮೊದಲೇ ತೀರ್ಪು.

ಮೀನಿನ ಸಾವಿಗೆ ಮುಖ್ಯವಾಗಿ ಮೂರು ಬಗೆಯ ಕಾರಣಗಳುಂಟು. ಒಂದನೆಯದು ಪ್ರಾಣವಾಯುವಿನ ಕೊರತೆ. ರಾತ್ರಿಯಲ್ಲಿ ಪಾಚಿಯೂ ಪ್ರಾಣವಾಯುವನ್ನೇ ಬಳಸುವುದರಿಂದ ನಸುಕಿನಲ್ಲಿ ಅದು ತೀರ ಕಡಿಮೆಯಾಗಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ, ಸಾಮಾನ್ಯವಾಗಿ ದೊಡ್ಡವೇ ಮೊದಲು ಸಾಯುತ್ತವೆ, ಎಲ್ಲವೂ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಎರಡನೆಯದು ವಿಷ. ಅದು ಜಾತಿ ನೋಡುವುದಿಲ್ಲ. ಮೀನಿನ ಜೊತೆಗೆ ಕಪ್ಪೆಮರಿ, ನೀರಹುಳ ಮೊದಲಾದವೂ ಸಾಯುವುದುಂಟು. ಮೂರನೆಯದು ಸೋಂಕು. ಇದರಲ್ಲಿ ಇಂದು ಐದು, ನಾಳೆ ಹನ್ನೆರಡು, ನಾಡಿದ್ದು ಮೂವತ್ತು ಎಂಬಂತೆ ಸಾವು ಏರುತ್ತದೆ, ಸಾಯುವ ಮೊದಲು ಮೀನಿನ ಮೈಯಲ್ಲಿ ಗುರುತು ಕಾಣುತ್ತದೆ. ಇವು ಸ್ಥೂಲವಾದ ಗುರುತುಗಳೇ ಹೊರತು ಪ್ರಮಾಣಗಳಲ್ಲ. ಪ್ರಮಾಣ ಬೇಕಾದರೆ ಪ್ರಯೋಗಶಾಲೆಗೇ ಹೋಗಬೇಕು.

ಆರೋಪಿಗಳ ಸಾಲು

ಸಾಕಿದ ತಿಲಾಪಿಯಾಗಳಲ್ಲಿ ರೋಗ ತರುವ ಬ್ಯಾಕ್ಟೀರಿಯಾಗಳು ಹಲವು. ಅವುಗಳಲ್ಲಿ ನಾಲ್ಕನ್ನು ಮಾತ್ರ ಇಲ್ಲಿ ಹೆಸರಿಸುತ್ತೇನೆ.

ಮೊದಲನೆಯದು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೇ. ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಕಾಣುವ ಜೀವಿ. ಇದು ಮೆದುಳಿಗೆ ಹೊಕ್ಕಾಗ ಮೀನು ದಿಕ್ಕುಗೆಟ್ಟು ಗಿರಗಿರನೆ ಸುತ್ತುತ್ತದೆ, ಕಣ್ಣು ಉಬ್ಬಿ ಹೊರಬರುತ್ತದೆ ಅಥವಾ ಮಂಜಾಗುತ್ತದೆ. ನೀರು ಬಿಸಿಯಾದಷ್ಟೂ ಇದರ ಹಾವಳಿ ಹೆಚ್ಚು. ಆಕಳ ಕೆಚ್ಚಲು ಬಾವಿಗೂ ನವಜಾತ ಶಿಶುಗಳ ರೋಗಕ್ಕೂ ಕಾರಣವಾಗುವುದು ಇದೇ ಜಾತಿ. ೨೦೧೫ರಲ್ಲಿ ಸಿಂಗಾಪುರದಲ್ಲಿ ಸಿಹಿನೀರಿನ ಮೀನನ್ನು ಹಸಿಯಾಗಿ ತಿಂದವರಲ್ಲಿ ಇದರ ಒಂದು ಪ್ರಭೇದ ರೋಗ ಹರಡಿತು. ನಾವು ಮೀನನ್ನು ಬೇಯಿಸಿ ತಿನ್ನುವವರಾದ್ದರಿಂದ ಆ ಭಯಕ್ಕೆ ಎಡೆ ಕಡಿಮೆ.

ಎರಡನೆಯದು ಅದರ ದಾಯಾದಿ ಸ್ಟ್ರೆಪ್ಟೊಕಾಕಸ್ ಇನಿಯೇ. ಅಮೆಜಾನ್ ಹೊಳೆಯ ಡಾಲ್ಫಿನ್ನಿನಿಂದ ಮೊದಲು ಬೇರ್ಪಡಿಸಿ ೧೯೭೬ರಲ್ಲಿ ಇದಕ್ಕೆ ಹೆಸರಿಟ್ಟರು. ೧೯೯೫-೯೬ರಲ್ಲಿ ಕೆನಡಾದ ಟೊರಾಂಟೊ ಪ್ರದೇಶದಲ್ಲಿ ತಿಲಾಪಿಯಾವನ್ನು ಸ್ವಚ್ಛಮಾಡುವಾಗ ಕೈಗೆ ಗಾಯವಾದವರಿಗೆ ಇದು ತಗಲಿದ್ದು ದಾಖಲೆಯಾಗಿದೆ.

ಮೂರನೆಯದು ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್. ಇದು ಕಿವಿರನ್ನು ಕೊಳೆಸುತ್ತದೆ, ಬೆನ್ನಿನ ಮೇಲೆ ಜೀನು ಹಾಕಿದಂಥ ಬಿಳಿಯ ಕಲೆ ಮೂಡಿಸುತ್ತದೆ. ಮರಿಗಳನ್ನು ಕಿಕ್ಕಿರಿದು ತುಂಬಿ ಸಾಗಿಸಿದಾಗ ಇದು ಬೇಗ ಎರಗುತ್ತದೆ.

ನಾಲ್ಕನೆಯದು ಏರೊಮೊನಾಸ್ ಹೈಡ್ರೊಫಿಲಾ. ಇದು ಬಂದರೆ ಮೈಮೇಲೆ ರಕ್ತದ ಕಲೆ, ಹುಣ್ಣು, ರೆಕ್ಕೆ ಸವೆತ, ಹೊಟ್ಟೆಯಲ್ಲಿ ನೀರು ಕಾಣಿಸುತ್ತವೆ. ಆದರೆ ಇದರ ವಿಚಾರದಲ್ಲೊಂದು ತೊಡಕುಂಟು. ಈ ಜೀವಿ ಸಾಮಾನ್ಯ ಕೆರೆನೀರಿನಲ್ಲಿ ಇರುತ್ತದೆ, ಆರೋಗ್ಯವಂತ ಮೀನಿನ ಕರುಳಿನಲ್ಲಿಯೂ ಇರುತ್ತದೆ. ಸತ್ತ ಮೀನಿನಲ್ಲಿ ಇದು ಸಿಕ್ಕ ಮಾತ್ರಕ್ಕೆ ಇದೇ ಕೊಲೆಗಾರನೆನ್ನಬಹುದೇ? ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನನ್ನೂ ಹೆಂಡಗುಡುಕನೆಂದು ಕರೆದಂತಾದೀತು. ಇಲ್ಲಿಯೇ ನಮ್ಮ ತರ್ಕಶಾಸ್ತ್ರದ ಪ್ರವೇಶ.

ಕಾರಣವನ್ನು ಸಿದ್ಧಮಾಡುವ ಬಗೆ

ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ ೧೮೪೩ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣವನ್ನು ಕಂಡುಹಿಡಿಯುವ ವಿಧಾನಗಳನ್ನು ವಿವರಿಸಿದ್ದಾನೆ. ಅವುಗಳಲ್ಲಿ ಮೂರು ನಮಗೆ ಸಾಕು. ಕಾರ್ಯವಿದ್ದಲ್ಲೆಲ್ಲ ಯಾವುದು ಇರುತ್ತದೆಯೋ ಅದು ಕಾರಣವಿರಬಹುದು, ಇದು ಅನ್ವಯ. ಉಳಿದೆಲ್ಲವೂ ಸಮನಾಗಿದ್ದು, ಒಂದೇ ಒಂದು ಅಂಶವನ್ನು ಸೇರಿಸಿದಾಗ ಕಾರ್ಯ ನಡೆದು, ತೆಗೆದಾಗ ನಡೆಯದಿದ್ದರೆ ಆ ಅಂಶವೇ ಕಾರಣ, ಇದು ವ್ಯತಿರೇಕ. ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚಿದರೆ ಅವೆರಡಕ್ಕೂ ಸಂಬಂಧವುಂಟು, ಇದು ಸಹಪರಿವರ್ತನೆ.

ಸತ್ತ ಮೀನುಗಳಲ್ಲೆಲ್ಲ ಒಂದೇ ಬ್ಯಾಕ್ಟೀರಿಯಾ ಕಂಡರೆ ಅದು ಬರಿಯ ಅನ್ವಯ. ಅದರಿಂದ ಸಂಶಯ ಹುಟ್ಟುತ್ತದೆ, ಸಿದ್ಧಾಂತ ಹುಟ್ಟದು. ಇದನ್ನು ಸ್ಪಷ್ಟವಾಗಿ ಕಂಡವನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್. ೧೮೭೬ರಲ್ಲಿ ನೆರಡಿ ರೋಗದ, ೧೮೮೨ರಲ್ಲಿ ಕ್ಷಯದ ಕಾರಣವನ್ನು ತೋರಿಸಿಕೊಟ್ಟ ಮಹಾನುಭಾವ ಆತ. ಅವನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮಗಳ ಸಾರವಿದು: ರೋಗಿಯ ಮೈಯಲ್ಲಿ ಆ ಜೀವಿ ಸಿಗಬೇಕು, ಅದನ್ನು ಬೇರೆಲ್ಲವುಗಳಿಂದ ಬೇರ್ಪಡಿಸಿ ಶುದ್ಧವಾಗಿ ಬೆಳೆಸಬೇಕು, ಹಾಗೆ ಬೆಳೆದುದನ್ನು ಆರೋಗ್ಯವಂತ ಪ್ರಾಣಿಗೆ ಕೊಟ್ಟಾಗ ಅದೇ ರೋಗ ಬರಬೇಕು, ಆ ಪ್ರಾಣಿಯಿಂದ ಅದೇ ಜೀವಿಯನ್ನು ಮತ್ತೆ ಪಡೆಯಬೇಕು. ಮೀನುಮರಿಗಳಿಗೆ ಬುದ್ಧಿಪೂರ್ವಕವಾಗಿ ರೋಗ ತಗಲಿಸುವ ಪ್ರಯೋಗಗಳೆಲ್ಲ ಈ ಮೂರನೆಯ, ನಾಲ್ಕನೆಯ ಮೆಟ್ಟಿಲುಗಳೇ.

ಪ್ರಯೋಗದ ಕ್ರಮ

ಮೊದಲು ಸಾಯುವ ಸ್ಥಿತಿಯಲ್ಲಿರುವ ಮೀನಿನ ಮೆದುಳು, ಮೂತ್ರಪಿಂಡ, ಗುಲ್ಮಗಳಿಂದ ಸ್ವಲ್ಪ ಅಂಶ ತೆಗೆದು ಅಗರ್ ಹಾಸಿದ ತಟ್ಟೆಯ ಮೇಲೆ ಗೀರುತ್ತಾರೆ. ಬೆಳೆದ ಚುಕ್ಕೆಗಳಲ್ಲಿ ಒಂದನ್ನೇ ಆರಿಸಿ ಮತ್ತೆ ಬೆಳೆಸಿ ಶುದ್ಧಗೊಳಿಸಿ ಅದರ ಜಾತಿಯನ್ನು ಗೊತ್ತುಪಡಿಸುತ್ತಾರೆ.

ಪ್ರಯೋಗಕ್ಕೆ ಸಾಮಾನ್ಯವಾಗಿ ಕೆಲವೇ ಗ್ರಾಂ ತೂಕದ ಮರಿಗಳನ್ನು ಬಳಸುತ್ತಾರೆ. ಎಳೆಯವು ರೋಗಕ್ಕೆ ಬೇಗ ತುತ್ತಾಗುತ್ತವೆಂಬುದೊಂದು ಕಾರಣ. ಸಾಕಣೆಗಾರನಿಗೆ ನಷ್ಟವಾಗುವುದೂ ಆ ವಯಸ್ಸಿನಲ್ಲಿಯೇ ಹೆಚ್ಚೆಂಬುದು ಇನ್ನೊಂದು. ತಂದ ಮರಿಗಳನ್ನು ಸುಮಾರು ಎರಡು ವಾರ ಪ್ರಯೋಗಶಾಲೆಯ ತೊಟ್ಟಿಯಲ್ಲಿ ಸುಮ್ಮನೆ ಇರಿಸುತ್ತಾರೆ. ಹೊಸ ನೀರಿಗೆ, ಹೊಸ ಮೇವಿಗೆ ಅವು ಹೊಂದಿಕೊಳ್ಳಬೇಕು. ಕೆಲವನ್ನು ಪರೀಕ್ಷಿಸಿ, ಮೊದಲೇ ರೋಗ ಹೊತ್ತು ತಂದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ.

ರೋಗ ತಗಲಿಸುವ ದಾರಿಗಳು ನಾಲ್ಕು. ಹೊಟ್ಟೆಯ ಪೊಳ್ಳಿಗೆ ಸೂಜಿಯಿಂದ ಚುಚ್ಚುವುದು ಒಂದು. ಬ್ಯಾಕ್ಟೀರಿಯಾ ಕಲಸಿದ ನೀರಿನಲ್ಲಿ ಕೆಲಹೊತ್ತು ಬಿಡುವುದು ಎರಡು. ಮೇವಿನೊಡನೆ ಅಥವಾ ಸಣ್ಣ ನಳಿಕೆಯಿಂದ ಹೊಟ್ಟೆಗೆ ಕೊಡುವುದು ಮೂರು. ರೋಗವಿರುವ ಮೀನಿನ ಜೊತೆಗೆ ಆರೋಗ್ಯವಂತ ಮೀನನ್ನು ಇರಿಸುವುದು ನಾಲ್ಕು. ಸೂಜಿಯ ದಾರಿಯಲ್ಲಿ ಪ್ರಮಾಣ ಖಚಿತ. ಆದರೆ ಲೋಳೆ, ಚರ್ಮ, ಕರುಳು ಎಂಬ ಮೀನಿನ ಕೋಟೆಬಾಗಿಲುಗಳನ್ನು ಅದು ದಾಟಿಯೇ ಒಳಗೆ ಹೋಗಿಬಿಡುತ್ತದೆ. ಉಳಿದವು ನಿಸರ್ಗಕ್ಕೆ ಹತ್ತಿರ, ಆದರೆ ಪ್ರತಿಯೊಂದು ಮರಿಗೆ ಎಷ್ಟು ತಗಲಿತೆಂಬುದು ಸಂದಿಗ್ಧ. ಆದಕಾರಣ ಜಾಣರು ಒಂದೇ ದಾರಿಯನ್ನು ನಂಬಿ ಕೂಡುವುದಿಲ್ಲ.

ಇಡೀ ಪ್ರಯೋಗದ ಜೀವಾಳ ಮಾತ್ರ ರೋಗವನ್ನೇ ಕೊಡದ ತೊಟ್ಟಿ. ಅದಕ್ಕೆ ನಿಯಂತ್ರಣ ಗುಂಪೆಂದು ಹೆಸರು. ಅದೇ ವಯಸ್ಸಿನ ಮರಿಗಳು, ಅದೇ ನೀರು, ಅದೇ ಮೇವು. ಸೂಜಿಯನ್ನೂ ಹಾಗೆಯೇ ಚುಚ್ಚುತ್ತಾರೆ, ಆದರೆ ಅದರಲ್ಲಿರುವುದು ಶುದ್ಧವಾದ ಉಪ್ಪುನೀರು ಮಾತ್ರ. ಈ ತೊಟ್ಟಿಯ ಮರಿಗಳೂ ಸತ್ತರೆ ತಪ್ಪು ಬ್ಯಾಕ್ಟೀರಿಯಾದ್ದಲ್ಲ. ನೀರಿನದೋ ಸೂಜಿಯದೋ ಹಿಡಿದ ಕೈಯದೋ ಇರಬೇಕು. ಮಿಲ್ ಹೇಳಿದ ವ್ಯತಿರೇಕ ಇದೇ. ನನ್ನ ಮಟ್ಟಿಗೆ ಹೇಳುವುದಾದರೆ, ತರ್ಕದ ಪುಸ್ತಕದಲ್ಲಿ ಒಣ ಸೂತ್ರವಾಗಿ ಕಂಡ ವ್ಯತಿರೇಕ ಒಂದು ನೀರಿನ ತೊಟ್ಟಿಯ ರೂಪದಲ್ಲಿ ಕಣ್ಣಮುಂದೆ ನಿಂತಾಗಲೇ ನನಗೆ ಪೂರ್ತಿ ಮನದಟ್ಟಾದದ್ದು.

ಆಮೇಲೆ ಸಾಮಾನ್ಯವಾಗಿ ಎರಡು ವಾರ ಮರಿಗಳನ್ನು ಗಮನಿಸುತ್ತಾರೆ. ಮೇವು ಬಿಟ್ಟುದು, ಬಣ್ಣ ಕಪ್ಪಾದುದು, ಸುತ್ತಿ ಈಜಿದುದು ಎಲ್ಲವನ್ನೂ ಬರೆದಿಡುತ್ತಾರೆ. ಸತ್ತವುಗಳಿಂದ ಅದೇ ಬ್ಯಾಕ್ಟೀರಿಯಾವನ್ನು ಮತ್ತೆ ಬೆಳೆಸಿ ತೆಗೆದಾಗ ಪ್ರಯೋಗದ ಸರಪಳಿ ಪೂರ್ತಿಯಾಗುತ್ತದೆ.

ಸ್ವಲ್ಪ ಲೆಕ್ಕ

ಎಷ್ಟು ಬ್ಯಾಕ್ಟೀರಿಯಾ ಹೊಕ್ಕರೆ ಅರ್ಧದಷ್ಟು ಮೀನು ಸಾಯುತ್ತವೆ? ಆ ಸಂಖ್ಯೆಗೆ ಅರ್ಧಮಾರಕ ಪ್ರಮಾಣವೆನ್ನುತ್ತಾರೆ. ಇದನ್ನು ಎಣಿಸುವ ಸುಲಭ ವಿಧಾನವನ್ನು ರೀಡ್ ಮತ್ತು ಮ್ಯೂಂಚ್ ಎಂಬಿಬ್ಬರು ೧೯೩೮ರಲ್ಲಿ ತೋರಿಸಿದರು. ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕ ಮಾಡೋಣ. ನಾಲ್ಕು ತೊಟ್ಟಿ, ತೊಟ್ಟಿಗೆ ೧೦ ಮರಿ. ಪ್ರತಿ ಮರಿಗೆ ಕ್ರಮವಾಗಿ ೧೦ ಸಾವಿರ, ೧ ಲಕ್ಷ, ೧೦ ಲಕ್ಷ, ೧ ಕೋಟಿ ಬ್ಯಾಕ್ಟೀರಿಯಾ ಕೊಟ್ಟೆವೆನ್ನಿ. ಸತ್ತವು ಕ್ರಮವಾಗಿ ೧, ೩, ೬, ೯ ಎನ್ನಿ. ಉಳಿದವು ೯, ೭, ೪, ೧.

ಕಡಿಮೆ ಪ್ರಮಾಣಕ್ಕೇ ಸತ್ತ ಮರಿ ಹೆಚ್ಚಿನ ಪ್ರಮಾಣಕ್ಕೆ ಸಾಯುತ್ತಿತ್ತೆಂದು ಭಾವಿಸಿ ಸತ್ತವುಗಳನ್ನು ಕೆಳಗಿನ ಪ್ರಮಾಣದಿಂದ ಮೇಲಕ್ಕೆ ಕೂಡಿಸಬೇಕು: ೧, ೪, ೧೦, ೧೯. ಹೆಚ್ಚಿನ ಪ್ರಮಾಣಕ್ಕೂ ಬದುಕಿದ ಮರಿ ಕಡಿಮೆ ಪ್ರಮಾಣಕ್ಕೆ ಬದುಕುತ್ತಿತ್ತೆಂದು ಉಳಿದವುಗಳನ್ನು ಮೇಲಿನ ಪ್ರಮಾಣದಿಂದ ಕೆಳಕ್ಕೆ ಕೂಡಿಸಬೇಕು. ಆಗ ೧ ಕೋಟಿಗೆ ೧, ೧೦ ಲಕ್ಷಕ್ಕೆ ೫, ೧ ಲಕ್ಷಕ್ಕೆ ೧೨, ೧೦ ಸಾವಿರಕ್ಕೆ ೨೧. ೧ ಲಕ್ಷದ ಪ್ರಮಾಣದಲ್ಲಿ ೧೬ಕ್ಕೆ ೪, ಅಂದರೆ ಶೇಕಡಾ ೨೫ ಸಾವು. ೧೦ ಲಕ್ಷದಲ್ಲಿ ೧೫ಕ್ಕೆ ೧೦, ಅಂದರೆ ಶೇಕಡಾ ೬೬.೭. ಶೇಕಡಾ ೫೦ ಇವೆರಡರ ನಡುವೆ. ೨೫ನ್ನು ೪೧.೭ರಿಂದ ಭಾಗಿಸಿದರೆ ೦.೬. ೧ ಲಕ್ಷವೆಂದರೆ ಹತ್ತರ ಐದನೆಯ ಘಾತ, ಅದಕ್ಕೆ ೦.೬ ಸೇರಿಸಿದರೆ ೫.೬ನೆಯ ಘಾತ, ಸುಮಾರು ೪ ಲಕ್ಷ. ಪ್ರಮಾಣ ಏರಿದಂತೆ ಸಾವೂ ಏರಿತಾದ್ದರಿಂದ ಇಲ್ಲಿ ಸಹಪರಿವರ್ತನೆಯೂ ಸಿದ್ಧಿಸಿತು.

ಲೆಕ್ಕ ಮುಗಿಯುವುದಿಲ್ಲ

ಆದರೆ ಈ ೪ ಲಕ್ಷವೆಂಬುದು ಕಲ್ಲಿನ ಮೇಲೆ ಕೊರೆದ ಸಂಖ್ಯೆಯೆಂದು ತಿಳಿಯಬಾರದು. ನೀರಿನ ಉಷ್ಣತೆ ಬದಲಾದರೆ, ಮರಿಗಳನ್ನು ಕಿಕ್ಕಿರಿದು ತುಂಬಿದರೆ, ಅಮೋನಿಯಾ ಏರಿದರೆ, ಚರ್ಮ ತರಚಿದರೆ ಅದೇ ಮರಿ ಎಷ್ಟೋ ಕಡಿಮೆ ಪ್ರಮಾಣಕ್ಕೇ ಸಾಯಬಹುದು. ಫ್ರಾನ್ಸಿಸೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ತಣ್ಣನೆಯ ನೀರಿನಲ್ಲಿ ಪ್ರಬಲ, ಬೆಚ್ಚನೆಯ ನೀರಿನಲ್ಲಿ ದುರ್ಬಲ. ಸ್ಟ್ರೆಪ್ಟೊಕಾಕಸ್ಸಿನ ಸ್ವಭಾವ ಅದಕ್ಕೆ ವಿರುದ್ಧ. ಅಂದಮೇಲೆ ಬಿತ್ತಿದ ಬೀಜವೊಂದೇ ಬೆಳೆಯಲ್ಲ, ನೆಲವೂ ಹದವೂ ಕೂಡಬೇಕು. ಏರೊಮೊನಾಸಿನ ತೊಡಕಿಗೂ ಉತ್ತರ ಇಲ್ಲಿಯೇ ಇದೆ: ಮೀನು ಬಳಲುವ ತನಕ ಅದು ನೆರೆಯವ, ಬಳಲಿದ ಮೇಲೆ ಕಳ್ಳ. ನಮ್ಮ ಜಿಲ್ಲೆಯ ಬೇಸಗೆಯಲ್ಲಿ ಗಾಳಿಯ ಶಾಖ ೪೦ ಡಿಗ್ರಿ ದಾಟುತ್ತದೆ, ಹೊಂಡದ ನೀರು ಇಳಿಯುತ್ತದೆ, ಇದ್ದ ನೀರಿನಲ್ಲಿ ಮೀನು ಒತ್ತೊತ್ತಾಗುತ್ತದೆ. ರೋಗಕ್ಕೆ ಬೇಕಾದ ಹದ ಅದೇ.

ಕರುಣೆಯ ಪ್ರಶ್ನೆ

ತಿಳಿವಿಗಾಗಿ ಆರೋಗ್ಯವಂತ ಮರಿಯನ್ನು ಕೊಲ್ಲುವುದು ನ್ಯಾಯವೇ? ದಯೆಯನ್ನೇ ಧರ್ಮದ ಬುಡವೆಂದು ಕೇಳುತ್ತ ಬೆಳೆದ ನಾಡಿನವರು ನಾವು. ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗಲಾಗದು. ಭಾರತದಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ೧೯೬೦ರಲ್ಲಿ ಬಂತು. ಅದಕ್ಕೂ ಒಂದು ವರ್ಷ ಮೊದಲು ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಮೂರು ಸೂತ್ರ ಕೊಟ್ಟಿದ್ದರು: ಪ್ರಾಣಿಯಿಲ್ಲದೆ ಆಗುವುದಾದರೆ ಪ್ರಾಣಿಯನ್ನು ಬಳಸಬೇಡ, ಬಳಸಲೇಬೇಕಾದರೆ ಆದಷ್ಟು ಕಡಿಮೆ ಬಳಸು, ಬಳಸಿದ್ದಕ್ಕೆ ನೋವು ಆದಷ್ಟು ಕಡಿಮೆ ಮಾಡು. ಮೀನಿಗೆ ಮಂಪರು ಬರಿಸಲು ಲವಂಗದ ಎಣ್ಣೆಯನ್ನು ಬಳಸುವುದುಂಟು. ಇನ್ನು ಬದುಕದೆಂದು ಖಚಿತವಾದ ಮರಿಯನ್ನು ನರಳಲು ಬಿಡದೆ ಬೇಗ ಮುಗಿಸುವುದೂ ಈಗ ಒಪ್ಪಿತ ಪದ್ಧತಿ. ಪ್ರಯೋಗವನ್ನು ಸರಿಯಾಗಿ ಮಾಡದೆ, ನಿಯಂತ್ರಣ ಗುಂಪಿಲ್ಲದೆ ಕೊಂದ ಮರಿಯ ಸಾವು ಮಾತ್ರ ನಿಜವಾಗಿಯೂ ವ್ಯರ್ಥ. ತರ್ಕದ ತಪ್ಪು ಇಲ್ಲಿ ಕರುಣೆಯ ತಪ್ಪೂ ಆಗುತ್ತದೆಂಬುದು ನನ್ನ ಭಾವನೆ.

ಫಲವೇನು?

ರೋಗದ ಕಾರಣ ಗೊತ್ತಾದ ಮೇಲೆ ಅದನ್ನು ತಡೆಯುವ ದಾರಿ ತೆರೆಯುತ್ತದೆ. ೧೯೬೯ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಇಂಥದೇ ಕೆಲಸ ನಡೆಯಿತು. ಏರೊಮೊನಾಸನ್ನು ಕೈಟಿನ್ ಚೂರುಗಳ ಮೇಲೆ ಪೊರೆಯಂತೆ ಬೆಳೆಸಿ, ಅದನ್ನು ನಿರ್ಜೀವಗೊಳಿಸಿ ಮೇವಿನಲ್ಲಿ ಬೆರೆಸಿ ಗೆಂಡೆಜಾತಿಯ ಮೀನುಗಳಿಗೆ ತಿನ್ನಿಸಿದರು. ಬಿಡಿಬಿಡಿಯಾಗಿ ಬೆಳೆದ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಪೊರೆಯಾಗಿ ಬೆಳೆದದ್ದು ತಡೆದುಕೊಂಡು ಕರುಳು ಮುಟ್ಟಿ ರೋಗನಿರೋಧ ಹುಟ್ಟಿಸುತ್ತದೆಂಬುದು ಅದರ ಮರ್ಮ. ಲಸಿಕೆ ಕೆಲಸ ಮಾಡಿತೇ ಎಂದು ತಿಳಿಯಲು ಮತ್ತೆ ಅದೇ ಪರೀಕ್ಷೆ: ಲಸಿಕೆ ತಿಂದ ಗುಂಪಿಗೂ ತಿನ್ನದ ಗುಂಪಿಗೂ ರೋಗ ತಗಲಿಸಿ ಹೋಲಿಸಬೇಕು. ತಿನ್ನದವುಗಳಲ್ಲಿ ನೂರಕ್ಕೆ ೮೦, ತಿಂದವುಗಳಲ್ಲಿ ನೂರಕ್ಕೆ ೨೦ ಸತ್ತರೆ, ಸಾಯಬೇಕಾದವುಗಳಲ್ಲಿ ಮುಕ್ಕಾಲು ಪಾಲು, ಎಂದರೆ ಶೇಕಡಾ ೭೫ ಉಳಿದಂತಾಯಿತು.

ಕಾರಣ ತಿಳಿಯದೆ ಸುರಿದ ಮದ್ದಿನಿಂದಾಗುವ ಹಾನಿಯನ್ನೂ ಇಲ್ಲಿ ನೆನೆಯಬೇಕು. ಪ್ರಾಣವಾಯುವಿನ ಕೊರತೆಗೆ ಪ್ರತಿಜೀವಕ ಮದ್ದಲ್ಲ, ವೈರಸ್ಸಿಗೂ ಅಲ್ಲ. ಉಪಯೋಗವಿಲ್ಲದೆ ನೀರಿಗೆ ಬಿದ್ದ ಮದ್ದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ತಾಲೀಮು ಕೊಡುತ್ತದೆ. ಮುಂದೆ ಅದೇ ಮದ್ದು ಮೀನಿಗೂ ನಾಟದು, ಮನುಷ್ಯನಿಗೂ ನಾಟದು.

ಹಾಗಾದರೆ ನಮ್ಮಂಥ ವಿದ್ಯಾರ್ಥಿಗಳು ಮಾಡಬಹುದಾದುದೇನು? ನಮ್ಮ ಊರುಗಳಲ್ಲಿ ಮೀನು ಸಾಕಿದವರಿಗೆ ನಾಲ್ಕು ಮಾತು ತಿಳಿಸಬಹುದು. ದಿನಕ್ಕೆ ಎಷ್ಟು ಮೀನು ಸತ್ತವು, ಎಷ್ಟು ಹೊತ್ತಿಗೆ, ಯಾವ ಗಾತ್ರದವು, ನೀರಿನ ಬಣ್ಣವೇನು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಬೇಕು. ಪರೀಕ್ಷೆಗೆ ಒಯ್ಯಬೇಕಾದುದು ಕೊಳೆತ ಮೀನನ್ನಲ್ಲ. ಕೊಳೆತದ್ದರಲ್ಲಿ ಸಿಕ್ಕಸಿಕ್ಕ ಬ್ಯಾಕ್ಟೀರಿಯಾಗಳೆಲ್ಲ ಬೆಳೆದು ಸಾಕ್ಷ್ಯ ಕೆಟ್ಟಿರುತ್ತದೆ. ಸಾಯಲಾಗಿರುವ ಮೀನನ್ನು ಅದೇ ನೀರಿನಲ್ಲಿ ಜೀವಂತವಾಗಿ, ಇಲ್ಲವೆ ಆಗತಾನೆ ಸತ್ತದ್ದನ್ನು ಬರ್ಫದಲ್ಲಿಟ್ಟು ಒಯ್ಯಬೇಕು. ತಾಲೂಕಿನ ಮೀನುಗಾರಿಕೆ ಇಲಾಖೆಯವರಿದ್ದಾರೆ, ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕಾ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ನೀರಿನ ಒಂದು ಶೀಸೆಯನ್ನೂ ಜೊತೆಗೆ ಒಯ್ದರೆ ವಿಷದ ಸಂಶಯಕ್ಕೂ ಉತ್ತರ ಹುಡುಕಬಹುದು.

ಅಷ್ಟು ಮಾಡುವ ತನಕ, ಹೊಂಡದ ದಂಡೆಯ ಮೇಲೆ ನಿಂತು ಯಾರ ಹೆಸರನ್ನೂ ಎತ್ತದಿರುವುದೇ ಲೇಸು. ಸತ್ತ ಮೀನನ್ನು ಮರುವರ್ಷ ಮತ್ತೆ ಬಿಡಬಹುದು. ಸುಳ್ಳು ಸಂಶಯದಿಂದ ಮುರಿದ ನೆರೆಯನ್ನು ಹಾಗೆ ಮತ್ತೆ ತರುವುದು ಸುಲಭವಲ್ಲ.